ಲೈಸನ್ಸ್ ಇಲ್ಲದೆ ಗಾಡಿ ಹೊಡೆದರೆ ಏನಾಗುತ್ತದೆ?

 

ಈ ಸಲದ ಗೋಡೆ ಪತ್ರಿಕೆಗೆ ನಾನು ಒಗಟುಗಳನ್ನು ಬರೆದು ಕೊಡಬೇಕೆಂದು ಮಾಡಿದ್ದೆ. ಹತ್ತು ಒಗಟು ಕೂಡಿಸಿಯೂ ಇಟ್ಟಿದ್ದೆ. ಅಷ್ಟರಲ್ಲಿ ನಮ್ಮ ಮನೆಗೆ ಕೋರ್ಟಿನಿಂದ ಒಂದು ನೋಟೀಸು ಬಂತು. ನಮ್ಮ ದೊಡ್ಡಪ್ಪ ಅದನ್ನು ತಂದು ನನ್ನ ಕೈಯಾಗ ಕೊಟ್ಟು, "ಯವ್ವಾ, ನೀ ಹತ್ತನೇತ್ತ ಓದ್ಲಾಕತ್ತಿ, ಇದ್ರಾಗ ಏನ್ ಬರ್ದಾರ ಓದಿ ಹೇಳು" ಅಂದರು. ಕನ್ನಡದಾಗೇ ಇತ್ತು. ಆದರೆ ಅದು ನಮ್ಮ ಪಾಠದ ಕನ್ನಡ ಅಲ್ಲ. ಸದರಿ, ಅಮಲ್ಜಾರಿ, ತೀರ್ಪಿನ ಋಣಿ, ಡಿಕ್ರಿದಾರ, ಜಪ್ತಿ. ಇವುಗಳಲ್ಲಿ ನನಗೆ ತಿಳಿದದ್ದು ಜಪ್ತಿ ಒಂದೇ. ಅದೊಂದು ತಿಳಿದದ್ದಕ್ಕೇ ಮನೆಯವರೆಲ್ಲ ಅವತ್ತು ರಾತ್ರಿ ಉಣ್ಣಲಿಲ್ಲ.

ಮರುದಿನ ನೋಟೀಸನ್ನು ನಮ್ಮ ಸಮಾಜ ವಿಜ್ಞಾನದ ಸರ್ ಅವರಿಗೆ ತೋರಿಸಿದೆ. ಭಾನುವಾರ ದೊಡ್ಡಪ್ಪನ ಜೊತೆ ಸೇಡಂಗೆ ಹೋಗಿ ಒಬ್ಬ ವಕೀಲರ ಮುಂದೆ ಕುಳಿತು ಎರಡು ತಾಸು ಕೇಳಿಕೊಂಡು ಬಂದೆ. ನೋಟುಬುಕ್ಕಿನ ಹನ್ನೊಂದು ಪುಟ ತುಂಬಿತು. ಒಗಟು ಮುಂದಿನ ಸಲ ಇರಲಿ, ಈ ಸಲ ಇದನ್ನೇ ಬರೆಯುತ್ತೇನೆ. ಯಾಕಂದ್ರ ನಮ್ಮ ಶಾಲೆಯ ಗಂಡು ಹುಡುಗರಲ್ಲಿ ಗಾಡಿ ಹೊಡೆಯದವರು ಎಷ್ಟು ಮಂದಿ ಅಂತ ಎಣಿಸಿದರೆ ಒಂದು ಕೈಯ ಬೆರಳು ಸಾಕು. ಹುಡುಗಿಯರೂ ಈಗ ಸ್ಕೂಟಿ ಕಲಿಯುತ್ತಿದ್ದಾರೆ.

ಮೊದಲು ನಡೆದ ಸಂಗತಿ ಹೇಳುತ್ತೇನೆ. 2022ರ ಡಿಸೆಂಬರ್. ತೊಗರಿ ರಾಶಿಯ ಟೈಮು. ದೊಡ್ಡಪ್ಪ ಹೊಲದಾಗ ಇದ್ದರು, ಚೀಲ ಕಡಿಮೆ ಬಿದ್ದವು. "ಲಗೂನ ಹೋಗಿ ಚೀಲ ತಗೊಂಡ್ ಬಾ" ಅಂತ ನಮ್ಮ ಅಣ್ಣನ ಕೈಯಾಗ (ದೊಡ್ಡಪ್ಪನ ಮಗ) ಗಾಡಿ ಚಾವಿ ಕೊಟ್ಟರು. ಅವನಿಗೆ ಆಗ 16 ವರ್ಷ. ಗಾಡಿ ಹೊಡೆಯುವುದರಲ್ಲಿ ಅವನು ನಮ್ಮ ಓಣಿಗೇ ಹುಷಾರ ಅಂತ ಹೆಸರು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಕತ್ತಲಾಗಿತ್ತು, ಮುಂದೆ ಚೀಲದ ಗಂಟು ಇತ್ತು. ಪಕ್ಕದ ಊರಿನ ಒಬ್ಬ ಅಜ್ಜ ಕಣಿಕೆ ಹೊರೆ ಹೊತ್ತುಕೊಂಡು ರೋಡಿನ ಬಾಜು ನಡೆದು ಹೊಂಟಿದ್ದರು. ಹಿಂದಿನಿಂದ ಬಡಿಯಿತು. ಅಜ್ಜನ ತೊಡೆಯ ಎಲುಬು ಮುರಿಯಿತು. ಅಣ್ಣನಿಗೆ ಮೊಳಕಾಲು ತರಚಿತು, ಅಷ್ಟೇ.

ಅಜ್ಜನಿಗೆ ಕಲಬುರಗಿಯಲ್ಲಿ ಆಪರೇಷನ್ ಆಗಿ ರಾಡು ಹಾಕಿದರು. ಮುಂದೆ ಎರಡು ಬೇರೆ ಬೇರೆ ಕೇಸುಗಳು ನಡೆದವು. ಇದು ನನಗೆ ಮೊದಲು ಗೊತ್ತೇ ಇರಲಿಲ್ಲ. ಪೊಲೀಸ್ ಕೇಸು ಅಂದ್ರ ಒಂದೇ ಕೇಸು ಅಂದುಕೊಂಡಿದ್ದೆ. ವಕೀಲರು ಹೇಳಿದರು: ಒಂದು ಕೇಸು ಸರ್ಕಾರಕ್ಕೂ ನಿಮಗೂ, ತಪ್ಪಿಗೆ ಶಿಕ್ಷೆ ಕೊಡುವುದು. ಇನ್ನೊಂದು ಕೇಸು ಅಜ್ಜನಿಗೂ ನಿಮಗೂ, ಅವರ ನಷ್ಟ ತುಂಬಿಕೊಡುವುದು. ದಂಡ ಕಟ್ಟಿದ ಮೇಲೆ ಎಲ್ಲ ಮುಗಿಯಿತು ಅಂತ ನಮ್ಮವರು ತಿಳಿದಿದ್ದರು. ಮುಗಿದದ್ದು ಸಣ್ಣ ಕೇಸು. ದೊಡ್ಡದು ಈಗ ಮನೆಗೆ ಬಂದಿದೆ.

ಈಗ ಕಾಯ್ದೆ ಏನು ಹೇಳುತ್ತದೆ ನೋಡೋಣ.

ನಮ್ಮ ದೇಶದಲ್ಲಿ ಮೋಟಾರು ಗಾಡಿಗಳಿಗೆ ಮೊದಲ ಕಾಯ್ದೆ 1914ರಲ್ಲಿ ಬಂತು. ಆಮೇಲೆ 1939ರದು. ಈಗ ಇರುವುದು 1988ರ ಮೋಟಾರು ವಾಹನ ಕಾಯ್ದೆ, ಇದು 1989ರ ಜುಲೈ 1ರಿಂದ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ 1904ರಿಂದಲೇ ಲೈಸನ್ಸ್ ಬೇಕಿತ್ತಂತೆ, ಆದರೆ ಪರೀಕ್ಷೆ ಇರಲಿಲ್ಲ, ರೊಕ್ಕ ಕಟ್ಟಿದರೆ ಸಾಕು. ಎಲ್ಲರಿಗೂ ಪರೀಕ್ಷೆ ಕಡ್ಡಾಯ ಆದದ್ದು 1935ರಲ್ಲಿ. ಮೂವತ್ತು ವರುಷ ಪರೀಕ್ಷೆ ಇಲ್ಲದೆ ಓಡಿಸಿ ನೋಡಿ ಬುದ್ಧಿ ಬಂತು ಅಂತ ಕಾಣುತ್ತದೆ.

ನಮ್ಮ ಕಾಯ್ದೆಯ 3ನೇ ಕಲಂ ಹೀಗೆ ಹೇಳುತ್ತದೆ: ಸಾರ್ವಜನಿಕ ಸ್ಥಳದಲ್ಲಿ ಲೈಸನ್ಸ್ ಇಲ್ಲದೆ ಯಾರೂ ಮೋಟಾರು ವಾಹನ ನಡೆಸಬಾರದು. 4ನೇ ಕಲಂ ವಯಸ್ಸಿನದು: 18 ತುಂಬಿರಬೇಕು. ಲಾರಿ, ಬಸ್ಸಿನಂಥ ಸಾರಿಗೆ ಗಾಡಿಗೆ 20. ಮತ್ತು 5ನೇ ಕಲಂ ಅಪ್ಪಂದಿರಿಗೆ, ಕಾಕಾಂದಿರಿಗೆ: ಲೈಸನ್ಸ್ ಇಲ್ಲದವರಿಗೆ, ವಯಸ್ಸಾಗದವರಿಗೆ ಗಾಡಿಯ ಮಾಲಕರು ಗಾಡಿ ಕೊಡಬಾರದು.

ಇಲ್ಲಿ ಸಾರ್ವಜನಿಕ ಸ್ಥಳ ಎಂಬ ಮಾತನ್ನು ನೋಡಬೇಕು. ನಮ್ಮ ಕ್ಲಾಸಿನ ಒಬ್ಬನು, "ನಾ ಹೊಲದಾಗ ಟ್ರ್ಯಾಕ್ಟರ್ ಹೊಡೀತೀನಿ, ಅದಕ್ಕೂ ಲೈಸನ್ಸ್ ಬೇಕೇನು?" ಅಂತ ಕೇಳಿದ. ವಕೀಲರನ್ನು ಕೇಳಿದೆ. ಜನರಿಗೆ ಹೋಗಿ ಬರಲು ಹಕ್ಕಿರುವ ಯಾವುದೇ ಜಾಗ ಸಾರ್ವಜನಿಕ ಸ್ಥಳವೇ. ಡಾಂಬರು ರೋಡೇ ಆಗಬೇಕೆಂದಿಲ್ಲ. ನಿಮ್ಮ ಸ್ವಂತ ಹೊಲದ ಒಳಗೆ ಗಳೆ ಹೊಡೆದರೆ 3ನೇ ಕಲಂ ಬರುವುದಿಲ್ಲ. ಆದರೆ ಟ್ರ್ಯಾಕ್ಟರು ಹೊಲಕ್ಕೆ ಆಕಾಶದಿಂದ ಇಳಿದು ಬರುವುದಿಲ್ಲವಲ್ಲ. ಮನೆಯಿಂದ ಹೊಲದ ತನಕ ಊರ ಓಣಿ, ಬಂಡಿದಾರಿ, ರೋಡು ದಾಟಬೇಕು. ಅವೆಲ್ಲ ಸಾರ್ವಜನಿಕ ಸ್ಥಳ.

ಇನ್ನು ನಮ್ಮ ಹುಡುಗರು ಎಲ್ಲರೂ ಹೇಳುವ ಒಂದು ಮಾತಿದೆ: "ಗೇರ್ ಇಲ್ಲದ ಗಾಡಿಗೆ 16 ಸಾಕು." ನಾನೂ ಹಾಗೇ ನಂಬಿದ್ದೆ. ಅರ್ಧ ಖರೆ, ಅರ್ಧ ಸುಳ್ಳು. ಕಾಯ್ದೆಯಲ್ಲಿ ಇರುವುದು 50 ಸಿಸಿಗಿಂತ ಹೆಚ್ಚಿಲ್ಲದ ಇಂಜಿನ್ನಿನ ಗಾಡಿ. ಹಿಂದೆ ಲೂನಾ ಅಂತ ಇತ್ತಲ್ಲ, ನಮ್ಮ ಅಜ್ಜಂದಿರ ಕಾಲದ್ದು, ಅಂಥದ್ದು. ಈಗ ನಮ್ಮೂರಾಗ ಚೀಲ, ಹಾಲಿನ ಕ್ಯಾನು ಹೇರಿಕೊಂಡು ಓಡಾಡುವ ಎಕ್ಸೆಲ್ ಗಾಡಿ ಇದೆಯಲ್ಲ, ಟಿವಿಎಸ್ ಎಕ್ಸೆಲ್ 100, ಅದರ ಇಂಜಿನ್ 99.7 ಸಿಸಿ. ಅಂದರೆ ಸ್ಪ್ಲೆಂಡರಿಗಿಂತ ಎರಡು ಸಿಸಿ ಹೆಚ್ಚೇ, ಯಾಕಂದ್ರ ಸ್ಪ್ಲೆಂಡರ್ 97.2. ಸ್ಕೂಟಿಗಳೂ ಬಹುತೇಕ ನೂರರ ಮೇಲೆ. ಹಾಗಾಗಿ 16 ವರ್ಷದವರು ಕಾಯ್ದೆ ಪ್ರಕಾರ ಓಡಿಸಬಹುದಾದ ಪೆಟ್ರೋಲ್ ಗಾಡಿ ನಮ್ಮೂರಿನಲ್ಲಿ ಒಂದೂ ಇಲ್ಲ. ನಾನು ಮೂರು ಓಣಿ ತಿರುಗಿ ನೋಡಿದೆ.

ಬ್ಯಾಟರಿ ಗಾಡಿ? ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇದ್ದು, ತಾಸಿಗೆ 25 ಕಿಲೋಮೀಟರಿನ ಒಳಗೇ ಓಡುವಂಥದ್ದಾದರೆ ಅದನ್ನು ಮೋಟಾರು ವಾಹನ ಎಂದೇ ಎಣಿಸುವುದಿಲ್ಲ, ಲೈಸನ್ಸ್ ಬೇಡ. ಅದಕ್ಕಿಂತ ಜೋರು ಓಡುವುದಾದರೆ ಬೇಕೇ ಬೇಕು. ಅಂಗಡಿಯವರು "ಇದಕ್ಕ ಲೈಸನ್ಸ್ ಬ್ಯಾಡ" ಅಂದರೆ ಮೇಲೆ ಬರೆದದ್ದನ್ನು ಕೇಳಿ ನೋಡಿ.

ಈಗ ಶಿಕ್ಷೆ. 1988ರಲ್ಲಿ ಲೈಸನ್ಸ್ ಇಲ್ಲದೆ ಓಡಿಸಿದವರಿಗೆ ಮೂರು ತಿಂಗಳ ತನಕ ಜೈಲು, ಇಲ್ಲವೇ 500 ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಅಂತ ಬರೆದರು. ಆ 500 ರೂಪಾಯಿ 31 ವರುಷ ಹಾಗೇ ಉಳಿಯಿತು. 2019ರ ತಿದ್ದುಪಡಿಯಲ್ಲಿ ದಂಡ 5,000 ಆಯಿತು, ಜೈಲು ಮೂರು ತಿಂಗಳು ಹಾಗೇ ಇದೆ. ಇದು 181ನೇ ಕಲಂ. ಗಾಡಿ ಕೊಟ್ಟ ಮಾಲಕರಿಗೂ ಅಷ್ಟೇ ಶಿಕ್ಷೆ, ಅದು 180ನೇ ಕಲಂ. ಲೈಸನ್ಸ್ ರದ್ದಾದವರು ಓಡಿಸಿದರೆ 10,000. ಇವು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಬಹಳ ಆಯಿತು ಅಂತ ಜನ ಗಲಾಟೆ ಮಾಡಿದ್ದಕ್ಕೆ ಅದೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ರೋಡಿನ ಮೇಲೆ ಕಟ್ಟುವ ಕೆಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ಟಿನದು 1,000 ಇದ್ದದ್ದು 500 ಆದದ್ದು ಹಾಗೆ. ಆದರೆ ಅದು ಸ್ಥಳದಲ್ಲೇ ರೊಕ್ಕ ಕಟ್ಟಿ ಬಗೆಹರಿಸಿಕೊಳ್ಳುವವರಿಗೆ. ಕೇಸು ಕೋರ್ಟಿಗೆ ಹೋದರೆ ಅಲ್ಲಿ ಕಾಯ್ದೆಯ ಲೆಕ್ಕವೇ ನಡೆಯುತ್ತದೆ. ಲೈಸನ್ಸ್ ಇಲ್ಲದವರ ಗಾಡಿಯನ್ನು ಹಿಡಿದು ನಿಲ್ಲಿಸಿಕೊಳ್ಳುವ ಅಧಿಕಾರವೂ ಪೊಲೀಸರಿಗೆ 207ನೇ ಕಲಮಿನಲ್ಲಿ ಇದೆ. ರೊಕ್ಕ ಕೊಟ್ಟರೆ ರಸೀದಿ ಕೇಳಿ ಇಸಿದುಕೊಳ್ಳಿ.

ಲೈಸನ್ಸ್ ಇದ್ದು ಮನೆಯಲ್ಲಿ ಬಿಟ್ಟು ಬಂದಿದ್ದರೆ ಅದು ಬೇರೆ. ಅದಕ್ಕೆ ಇಷ್ಟು ದೊಡ್ಡ ಶಿಕ್ಷೆ ಇಲ್ಲ. ಈಗ ಮೊಬೈಲಿನ ಡಿಜಿಲಾಕರ್, ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೂ ನಡೆಯುತ್ತದೆ. ಫೋಟೋ ಹೊಡೆದು ಗ್ಯಾಲರಿಯಲ್ಲಿ ಇಟ್ಟುಕೊಂಡದ್ದು ಅದಕ್ಕೆ ಸಮ ಅಲ್ಲ.

ಇವೆಲ್ಲ 18 ತುಂಬಿದವರ ಮಾತು. ನಮ್ಮಂಥವರಿಗೆ 2019ರಲ್ಲಿ ಹೊಸದಾಗಿ ಒಂದು ಕಲಂ ಸೇರಿಸಿದ್ದಾರೆ, 199ಎ. ಎಲ್ಲರೂ ಇದನ್ನು ಸಾವಕಾಶ ಓದಬೇಕು. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ, ತಪ್ಪು ಅವರ ಪಾಲಕರದು ಇಲ್ಲವೇ ಗಾಡಿಯ ಮಾಲಕರದು ಎಂದೇ ಕೋರ್ಟು ಹಿಡಿಯುತ್ತದೆ. ಅವರಿಗೆ ಮೂರು ವರುಷದ ತನಕ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸನ್ಸ್ ಕೊಡುವುದಿಲ್ಲ.

ಹದಿನೆಂಟು ಅಲ್ಲ, ಇಪ್ಪತ್ತೈದು.

"ನನಗೆ ಗೊತ್ತಿಲ್ಲದೆ ಚಾವಿ ಕದ್ದು ಒಯ್ದಾನ, ನಾನು ಎಷ್ಟು ತಡೆದರೂ ಕೇಳಲಿಲ್ಲ" ಅಂತ ಪಾಲಕರು ಕೋರ್ಟಿನಲ್ಲಿ ತೋರಿಸಿಕೊಟ್ಟರೆ ಬಿಡುಗಡೆ ಉಂಟು. ಆದರೆ ತೋರಿಸುವ ಹೊಣೆ ಪಾಲಕರದೇ. ಚಾವಿ ಗೂಟಕ್ಕೆ ತೂಗು ಹಾಕಿದ್ದೆ ಅಂದರೆ ಯಾರು ನಂಬುತ್ತಾರೆ? ನಮ್ಮ ದೊಡ್ಡಪ್ಪ ಹಾಗೆ ಹೇಳಲೂ ಇಲ್ಲ. "ನಾನೇ ಕೊಟ್ಟೀನ್ರೀ ಸಾಹೇಬ್ರ" ಅಂತ ಖರೆ ಹೇಳಿದರು. 25,000 ದಂಡ ಆಯಿತು. ಜೈಲು ಆಗಲಿಲ್ಲ. ಈ ಕೇಸನ್ನು ರೋಡಿನ ಮೇಲೆ ದಂಡ ಕಟ್ಟಿ ಮುಗಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕು. ಶಿವಮೊಗ್ಗ ಮೊದಲಾದ ಕಡೆ ಮಕ್ಕಳಿಗೆ ಗಾಡಿ ಕೊಟ್ಟ ತಂದೆ ತಾಯಿಗಳಿಗೆ ಹೀಗೆ 25 ಸಾವಿರ ದಂಡ ಬಿದ್ದ ಸುದ್ದಿಗಳು ಪೇಪರಿನಲ್ಲಿ ಬಂದಿವೆ. ಅಣ್ಣನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸಿದರು, ಹದಿನೆಂಟರ ಒಳಗಿನವರ ವಿಚಾರಣೆ ಅಲ್ಲಿಯೇ. ಗಾಡಿ ಒಂದು ವರುಷ ಕೊಟ್ಟಿಗೆಯಲ್ಲಿ ನಿಂತಿತು. ಕೋಳಿಗಳು ಅದರ ಸೀಟಿನ ಮೇಲೆ ಮಲಗುತ್ತಿದ್ದವು.

ನೀವೆಲ್ಲ ಪುಣೆಯ ಕಾರಿನ ಸುದ್ದಿ ಟಿವಿಯಲ್ಲಿ ನೋಡಿರಬಹುದು. 2024ರ ಮೇ 19ರ ನಸುಕಿನಲ್ಲಿ 17 ವರ್ಷದ ಹುಡುಗನೊಬ್ಬ ದೊಡ್ಡ ಪೋರ್ಷೆ ಕಾರು ಓಡಿಸಿ ಇಬ್ಬರು ಇಂಜಿನಿಯರುಗಳನ್ನು ಬಡಿದು ಕೊಂದ. ಅಲ್ಲಿನ ಬಾಲ ನ್ಯಾಯ ಮಂಡಳಿ ಮೊದಲಿಗೆ 300 ಶಬ್ದಗಳ ಪ್ರಬಂಧ ಬರೆಯಬೇಕು ಎಂಬ ಷರತ್ತು ಹಾಕಿ ಜಾಮೀನು ಕೊಟ್ಟಿತು. ಇಡೀ ದೇಶವೇ ಸಿಟ್ಟಿಗೆದ್ದಿತು. ನಮಗೆ ಕಿರುಪರೀಕ್ಷೆಯಲ್ಲಿ ಹದಿನೈದು ಸಾಲಿನ ಪ್ರಬಂಧ ಬಂದರೆ ನಾವು ಅಳುತ್ತೇವೆ, ಅದು ಬೇರೆ ಮಾತು. ಆದರೆ ಎರಡು ಜೀವಕ್ಕೆ 300 ಶಬ್ದ ಅಂದರೆ ಯಾರಿಗೂ ಒಪ್ಪಿಗೆ ಆಗಲಿಲ್ಲ. ಆಮೇಲೆ ಮಂಡಳಿ ಆದೇಶ ಬದಲಿಸಿ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿತು, ತಂದೆಯನ್ನೂ ಪೊಲೀಸರು ಹಿಡಿದರು. ಶ್ರೀಮಂತರ ಮನೆಯ ಸುದ್ದಿ ಅಂತ ನಾವು ನೋಡಿ ಬಿಟ್ಟೆವು. ಕಾರಾದರೇನು ಎಕ್ಸೆಲ್ ಆದರೇನು, ಕಲಂ ಅದೇ.

ಬಡಿದವರು ಸತ್ತೇ ಹೋದರೆ ಇನ್ನೊಂದು ಕಾಯ್ದೆಯೂ ಸೇರುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ನಿಷ್ಕಾಳಜಿಯಿಂದ ಸಾವು ಉಂಟುಮಾಡಿದರೆ 106ನೇ ಕಲಂ, ಐದು ವರುಷದ ತನಕ ಜೈಲು. ಹಿಂದೆ ಎರಡು ವರುಷ ಇತ್ತು.

ಈಗ ದೊಡ್ಡ ಕೇಸಿಗೆ ಬರುತ್ತೇನೆ, ನಮ್ಮ ಮನೆಗೆ ನೋಟೀಸು ತಂದದ್ದು ಇದೇ.

ಅಪಘಾತದಲ್ಲಿ ಗಾಯವಾದವರು, ಸತ್ತವರ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಪಘಾತ ಆದ ಆರು ತಿಂಗಳ ಒಳಗೆ ಹಾಕಬೇಕು. ಅದರ ತೀರ್ಪು ಒಪ್ಪಿಗೆ ಆಗದಿದ್ದರೆ ಹೈಕೋರ್ಟಿಗೆ ಹೋಗಬಹುದು. ಹಿಂದೆ ನಮ್ಮ ಕಡೆಯವರು ಅದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅಜ್ಜ ಅರ್ಜಿ ಹಾಕಿದರು. ಹಾಕಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಕಾಲು ಮುರಿದದ್ದು ಅವರದು. ಆಸ್ಪತ್ರೆ ಖರ್ಚು, ಮನೆಯಲ್ಲಿ ಬಿದ್ದ ತಿಂಗಳುಗಳು, ಇನ್ನು ಮುಂದೆ ಕೂಲಿ ಮಾಡಲು ಆಗದಿರುವುದು ಎಲ್ಲ ಸೇರಿ 3 ಲಕ್ಷ 60 ಸಾವಿರ ಮತ್ತು ವರುಷಕ್ಕೆ ಶೇಕಡಾ 6ರಂತೆ ಬಡ್ಡಿ ಅಂತ ತೀರ್ಪಾಯಿತು.

ನಮ್ಮ ದೊಡ್ಡಪ್ಪ ಅವತ್ತು ನಕ್ಕೋತ ಮನೆಗೆ ಬಂದಿದ್ದರು. ಯಾಕಂದ್ರ ಗಾಡಿಗೆ ಇನ್ಶೂರೆನ್ಸ್ ಇತ್ತು. "ಕಂಪನಿ ಕೊಡ್ತದ, ನಮಗೇನಿಲ್ಲ" ಅಂದರು. ಕಂಪನಿ ಖರೇನೇ ಕೊಟ್ಟಿತು. ಅಜ್ಜನಿಗೆ ರೊಕ್ಕ ಪೂರಾ ಮುಟ್ಟಿತು. ಆದರೆ ತೀರ್ಪಿನ ಕೊನೆಗೆ ಒಂದು ಸಾಲು ಇತ್ತು, ಅದನ್ನು ನಮ್ಮವರು ಯಾರೂ ಓದಿರಲಿಲ್ಲ: ಕಂಪನಿ ಮೊದಲು ಕೊಡತಕ್ಕದ್ದು, ಆಮೇಲೆ ಆ ಹಣವನ್ನು ಗಾಡಿಯ ಮಾಲಕರಿಂದ ವಸೂಲು ಮಾಡಿಕೊಳ್ಳತಕ್ಕದ್ದು.

ಹೀಗ್ಯಾಕೆ? ವಕೀಲರು ಬಿಡಿಸಿ ಹೇಳಿದರು. ಇನ್ಶೂರೆನ್ಸ್ ಅಂದರೆ ಒಂದು ಕರಾರು. ಲೈಸನ್ಸ್ ಇದ್ದವರೇ ಓಡಿಸಬೇಕು ಎಂಬುದು ಆ ಕರಾರಿನ ಒಂದು ಷರತ್ತು. ಷರತ್ತು ಮುರಿದರೆ ಕಂಪನಿ ನಾ ಕೊಡಲ್ಲ ಅನ್ನಬಹುದು. ಆದರೆ ರೋಡಿನ ಬಾಜು ನಡೆದು ಹೊಂಟ ಅಜ್ಜನಿಗೆ ಬಡಿದವನ ಲೈಸನ್ಸಿನ ಸಂಬಂಧ ಏನು? ಅವರು ಯಾಕೆ ಬರಿಗೈಯಲ್ಲಿ ಹೋಗಬೇಕು? ಅದಕ್ಕೇ 2004ರಲ್ಲಿ ಸುಪ್ರೀಂ ಕೋರ್ಟು ಸ್ವರಣ್ ಸಿಂಗ್ ಎಂಬ ಹೆಸರಿನ ಪ್ರಕರಣದಲ್ಲಿ ದಾರಿ ಮಾಡಿಕೊಟ್ಟಿತು. ಕಂಪನಿ ಗಾಯಾಳುವಿಗೆ ಕೊಡಬೇಕು. ಲೈಸನ್ಸ್ ಇಲ್ಲ ಅಂತ ಗೊತ್ತಿದ್ದೂ ಮಾಲಕ ಗಾಡಿ ಕೊಟ್ಟಿದ್ದ ಅಂತ ಕಂಪನಿ ತೋರಿಸಿದರೆ ಮಾಲಕನಿಂದ ವಸೂಲು ಮಾಡಿಕೊಳ್ಳಬಹುದು. ಮಾಲಕ ಡ್ರೈವರನ ಲೈಸನ್ಸ್ ನೋಡಿಯೇ ಇಟ್ಟುಕೊಂಡಿದ್ದು, ಆಮೇಲೆ ಅದು ಖೊಟ್ಟಿ ಅಂತ ತಿಳಿದರೆ, ಅವನು ತನ್ನ ಕಾಳಜಿ ಮಾಡಿದ್ದಾನೆ ಅಂತ ಬಿಡುತ್ತಾರೆ. ಆದರೆ ಸ್ವಂತ ಮಗನಿಗೆ ಲೈಸನ್ಸ್ ಇಲ್ಲ ಅಂತ ಅಪ್ಪನಿಗೆ ಗೊತ್ತಿರಲಿಲ್ಲ ಅಂದರೆ ಯಾವ ಕೋರ್ಟು ಒಪ್ಪುತ್ತದೆ?

ವಸೂಲಿಗೆ ಕಂಪನಿ ಹೊಸ ಕೇಸು ಹಾಕಬೇಕಾಗಿಯೂ ಇಲ್ಲ. ಅದೇ ತೀರ್ಪಿನ ಮೇಲೆ ಅಮಲ್ಜಾರಿ ಅರ್ಜಿ ಹಾಕಿದರೆ ಸಾಕು. ಅಮಲ್ಜಾರಿ ಅಂದರೆ ತೀರ್ಪನ್ನು ಜಾರಿಗೆ ತರುವುದು. ತೀರ್ಪಿನ ಋಣಿ ಅಂದರೆ ಕೊಡಬೇಕಾದವರು, ನಮ್ಮ ದೊಡ್ಡಪ್ಪ. ಡಿಕ್ರಿದಾರ ಅಂದರೆ ಪಡೆಯಬೇಕಾದವರು, ಈಗ ಕಂಪನಿ. ಕೊಡದಿದ್ದರೆ ಹೊಲ ಜಪ್ತಿ. ನನ್ನ ನೋಟೀಸು ಓದುವ ಕೆಲಸ ಇಲ್ಲಿಗೆ ಮುಗಿಯಿತು.

ಸಾವಿನ ಪರಿಹಾರದ ಲೆಕ್ಕ ಹೇಗೆ ಹಾಕುತ್ತಾರೆ ಅಂತಲೂ ಕೇಳಿದೆ. ನಮ್ಮ ಗಣಿತದ ಪುಸ್ತಕದಲ್ಲಿ ಕೊಡಬೇಕಾದ ಲೆಕ್ಕ ಇದು. ಸತ್ತವರಿಗೆ 38 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 10,000 ಗಳಿಕೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ನಲವತ್ತರ ಒಳಗಿನವರ ಗಳಿಕೆ ಮುಂದೆ ಹೆಚ್ಚುತ್ತಿತ್ತು ಅಂತ ಶೇಕಡಾ 40 ಕೂಡಿಸುತ್ತಾರೆ: 14,000. ಅವರು ಇದ್ದಿದ್ದರೆ ತಮಗೆ ಖರ್ಚು ಮಾಡಿಕೊಳ್ಳುತ್ತಿದ್ದದ್ದು ಅಂತ ನಾಲ್ಕನೇ ಒಂದು ಪಾಲು ಕಳೆಯುತ್ತಾರೆ: 10,500. ವರುಷಕ್ಕೆ 1,26,000. ವಯಸ್ಸಿಗೆ ತಕ್ಕಂತೆ ಒಂದು ಗುಣಕ ಇದೆ, 36ರಿಂದ 40ರ ವಯಸ್ಸಿಗೆ 15. ಗುಣಿಸಿದರೆ 18,90,000. ಅಂತ್ಯಕ್ರಿಯೆ ಮೊದಲಾದವಕ್ಕೆ ಇದರ ಮೇಲೆ ಬೇರೆ. ಈ ಗುಣಕಗಳನ್ನು ಸುಪ್ರೀಂ ಕೋರ್ಟು 2009ರಲ್ಲಿ, ಶೇಕಡಾ 40ರ ಲೆಕ್ಕವನ್ನು 2017ರಲ್ಲಿ ಗಟ್ಟಿ ಮಾಡಿದೆ. ಶೇಕಡಾ 6ರಂತೆ ಬಡ್ಡಿಯೇ ವರುಷಕ್ಕೆ 1,13,400 ಆಗುತ್ತದೆ. ನಮ್ಮ ಕಡೆ ಒಂದು ಎಕರೆಗೆ ಎಷ್ಟು ರೇಟು ಇದೆ ಅಂತ ನಿಮ್ಮ ಅಪ್ಪನ ಹತ್ತಿರ ಕೇಳಿಕೊಂಡು, ಎಷ್ಟು ಎಕರೆ ಹೋಗುತ್ತದೆ ಅಂತ ಭಾಗಿಸಿ ನೋಡಿ. ನಾನು ಮಾಡಿ ನೋಡಿದೆ. ನಮ್ಮ ಹೊಲ ಸಾಲುವುದಿಲ್ಲ.

ಇನ್ಶೂರೆನ್ಸೇ ಇಲ್ಲದಿದ್ದರೆ ಪೂರಾ ಹಣ ಮೊದಲಿಂದಲೇ ಮಾಲಕನ ತಲೆ ಮೇಲೆ. ನಮ್ಮೂರಾಗ ಎಷ್ಟು ಗಾಡಿಗಳ ಇನ್ಶೂರೆನ್ಸ್ ಶೋರೂಮಿನಿಂದ ತಂದದ್ದೇ ಕಡೆ, ಆಮೇಲೆ ಕಟ್ಟಿಲ್ಲ ಅನ್ನುವುದು ನಿಮಗೇ ಗೊತ್ತು.

ಇನ್ನೊಂದು ಸಂಗತಿ ಕೇಳಿ ನಮ್ಮ ಕಾಕಾ ಗಾಬರಿಯಾದರು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಹೆಸರು ಬದಲಿ ಮಾಡಿಸುವುದಿಲ್ಲ, ಆರ್‌ಸಿ ಹಳೆಯವರ ಹೆಸರಿನಲ್ಲೇ ಇರುತ್ತದೆ. ಮಾರಿದವರು ರೊಕ್ಕ ಎಣಿಸಿಕೊಂಡು ಮರೆತುಬಿಡುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲಕರು, ಪರಿಹಾರ ಅವರ ಮೇಲೆಯೇ. ನಮ್ಮ ಕಾಕಾ ತಮ್ಮ ಹಳೇ ಗಾಡಿಯನ್ನು ತಾಂಡೂರಿನ ಕಡೆಯ ಒಬ್ಬರಿಗೆ ಮಾರಿ ಮೂರು ವರುಷ ಆಗಿತ್ತು. ಈಗ ಅವರನ್ನು ಹುಡುಕಲಾಕ ಹತ್ಯಾರ.

ನಮ್ಮ ಕಡೆ ಹೆಚ್ಚು ಇರುವುದು ಟ್ರ್ಯಾಕ್ಟರು. ಅದರ ಬಗ್ಗೆಯೂ ಕೇಳಿಕೊಂಡು ಬಂದಿದ್ದೇನೆ. ಟ್ರ್ಯಾಕ್ಟರಿಗೆ ಲೈಸನ್ಸ್ ಇದ್ದು, ಹಿಂದೆ ಟ್ರಾಲಿ ಜೋಡಿಸಿದರೆ ಲೈಸನ್ಸ್ ನಡೆಯುವುದಿಲ್ಲ ಅಂತ ಮೊದಲು ಕಂಪನಿಗಳು ವಾದ ಮಾಡುತ್ತಿದ್ದವು. 2001ರಲ್ಲಿ ಸುಪ್ರೀಂ ಕೋರ್ಟು ಆ ವಾದ ಒಪ್ಪಲಿಲ್ಲ. 2024ರ ನವೆಂಬರ್ 6ರಂದು ಐದು ನ್ಯಾಯಾಧೀಶರ ಪೀಠ ಇನ್ನೂ ಸ್ಪಷ್ಟ ಮಾಡಿತು: ಲಘು ವಾಹನದ ಲೈಸನ್ಸ್ ಇದ್ದವರು 7,500 ಕಿಲೋ ಒಳಗಿನ ಬಾಡಿಗೆ ಗಾಡಿಯನ್ನೂ ಓಡಿಸಬಹುದು. ಟಂಟಂ, ಸಣ್ಣ ಗೂಡ್ಸ್ ಗಾಡಿ ಓಡಿಸಿ ಹೊಟ್ಟೆ ಹೊರೆಯುವವರಿಗೆ ಇದು ದೊಡ್ಡ ಆಧಾರ. ಆದರೆ ಟ್ರ್ಯಾಕ್ಟರಿನಲ್ಲಿ ಸೀಟು ಇರುವುದು ಒಂದೇ, ಡ್ರೈವರಿನದು. ಮಡ್‌ಗಾರ್ಡ್ ಮೇಲೆ ಕೂತವರು, ಟ್ರಾಲಿ ತುಂಬ ನಿಂತ ಕೂಲಿಯವರು ಬಿದ್ದರೆ ಕಂಪನಿ ನಮ್ಮದು ಹೊಣೆ ಇಲ್ಲ ಅಂತ ಕೈ ಎತ್ತುತ್ತದೆ. ಜಾತ್ರೆಗೆ, ಮದುವೆಗೆ ನಾವೆಲ್ಲ ಹೋಗುವುದು ಹಾಗೇ. ಇದನ್ನು ಬರೆಯುವಾಗ ನನಗೂ ಮುಂದಿನ ಜಾತ್ರೆಯ ನೆನಪಾಯಿತು.

ಒಂದು ಮಾತು ಲೈಸನ್ಸ್ ಇಲ್ಲದವರ ಪರವಾಗಿಯೂ ಇದೆ. ಲೈಸನ್ಸ್ ಇಲ್ಲದ ಹುಡುಗ ಸರಿಯಾಗಿ ಹೋಗುತ್ತಿದ್ದಾಗ ಬೇರೆಯವರು ಬಂದು ಬಡಿದರೆ? ಊರಾಗ ಎಲ್ಲರೂ "ಲೈಸನ್ಸ್ ಇಲ್ಲ, ನಿನ್ನದೇ ತಪ್ಪು, ಸುಮ್ಮನಿರು" ಅಂತ ಹೆದರಿಸುತ್ತಾರೆ. ಹಾಗಲ್ಲ. ಲೈಸನ್ಸ್ ಇಲ್ಲದ್ದಕ್ಕೆ ಬೇರೆ ದಂಡ ಇದೆ, ಆದರೆ ಅಷ್ಟರಿಂದಲೇ ಅಪಘಾತಕ್ಕೆ ಅವನೇ ಕಾರಣ ಅಂತ ಆಗುವುದಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂಥವರು ಹೆದರಿ ಓಡಿ ಹೋಗಬಾರದು, ಪರಿಹಾರ ಕೇಳಬಹುದು.

ಹಾಗಾದರೆ ಲೈಸನ್ಸ್ ಮಾಡಿಸುವುದು ಅಷ್ಟು ಕಷ್ಟವೇ? ಕಷ್ಟ ಇಲ್ಲ, ಓಡಾಟ ಇದೆ ಅಷ್ಟೇ. 18 ತುಂಬಿದ ಮೇಲೆ ಮೊದಲು ಕಲಿಯುವವರ ಲೈಸನ್ಸ್, ಎಲ್‌ಎಲ್ ಅಂತಾರೆ. ಸಾರಥಿ ಎಂಬ ಸರ್ಕಾರಿ ತಾಣದಲ್ಲಿ ಅರ್ಜಿ ಹಾಕಬೇಕು, ರೋಡಿನ ಚಿಹ್ನೆಗಳ ಪರೀಕ್ಷೆ ಇರುತ್ತದೆ, ಕನ್ನಡದಲ್ಲಿಯೇ ಬರೆಯಬಹುದು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. 30 ದಿನ ಆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬಹುದು. ಎಲ್‌ಎಲ್ ಇದ್ದಾಗ ಗಾಡಿಗೆ ಬಿಳಿ ಹಲಗೆ ಮೇಲೆ ಕೆಂಪು ಎಲ್ ಅಕ್ಷರ ಇರಬೇಕು. ಮೋಟಾರ್ ಸೈಕಲ್ ಮೇಲೆ ಹಿಂದೆ ಯಾರನ್ನೂ ಕೂಡಿಸಿಕೊಳ್ಳಬಾರದು, ಕಲಿಸುವವರು ಲೈಸನ್ಸ್ ಇದ್ದವರಾದರೆ ಅವರೊಬ್ಬರು ಕೂಡಬಹುದು. ಕೇಂದ್ರದ 2016ರ ನಿಯಮದಲ್ಲಿ ಇಟ್ಟ ಫೀಸು ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50, ಓಡಿಸುವ ಪರೀಕ್ಷೆಗೆ 300, ಕಾರ್ಡಿಗೆ 200. ಸೇವಾ ಶುಲ್ಕ ಸ್ವಲ್ಪ ಮೇಲೆ. ಕೂಡಿಸಿದರೆ 700. ನಮ್ಮಲ್ಲಿ ಏಜೆಂಟರ ಕೈಯಾಗ ಇದರ ನಾಲ್ಕೈದು ಪಟ್ಟು ಕೊಟ್ಟು, ಪರೀಕ್ಷೆಯ ಮುಖ ನೋಡದೆ ಕಾರ್ಡು ತಂದವರಿದ್ದಾರೆ. ಅದು ಖೊಟ್ಟಿ ಅಂತ ತಿಳಿಯುವುದು ಅಪಘಾತ ಆದ ಮೇಲೆ.

ಲಾರಿ, ಬಸ್ಸು ಓಡಿಸಬೇಕೆನ್ನುವವರಿಗೆ ಒಂದು ಸುದ್ದಿ. ಹಿಂದೆ ಅದಕ್ಕೆ ಎಂಟನೇತ್ತ ಪಾಸಾಗಿರಬೇಕು ಎಂಬ ನಿಯಮ ಇತ್ತು, 2019ರಲ್ಲಿ ತೆಗೆದರು. ಆದರೆ ಒಂದು ವರುಷ ಲಘು ವಾಹನದ ಲೈಸನ್ಸ್ ಇಟ್ಟುಕೊಂಡಿರಬೇಕು ಎಂಬ ನಿಯಮ ಹಾಗೇ ಇದೆ.

ನಮ್ಮ ಅಣ್ಣನ ಕತೆಗೆ ಇದು ಸೇರುತ್ತದೆ. ಅವನಿಗೆ ಸಣ್ಣಂದಿನಿಂದ ಡ್ರೈವರ್ ಆಗಬೇಕೆಂಬ ಆಸೆ. ಮಳಖೇಡ, ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಇರುವುದರಿಂದ ನಮ್ಮ ಕಡೆ ಲಾರಿ ಡ್ರೈವರಿಗೆ ಕೆಲಸ ತಪ್ಪುವುದಿಲ್ಲ. ಆಮೇಲೆ ಬಸ್ಸಿನ ಡ್ರೈವರ್ ನೌಕರಿಗೆ ಅರ್ಜಿ ಹಾಕಬೇಕೆಂದಿದ್ದ. ಈಗ 25 ತುಂಬುವ ತನಕ ಎಲ್‌ಎಲ್ಲೂ ಇಲ್ಲ. ಇಪ್ಪತ್ತೈದಕ್ಕೆ ಲಘು ವಾಹನ, ಇನ್ನೊಂದು ವರುಷ ಕಾದು ಭಾರೀ ವಾಹನ. ಅವನ ಜೊತೆಯ ಹುಡುಗರು ಈಗಾಗಲೇ ಲೈಸನ್ಸ್ ತೆಗೆಸಿದ್ದಾರೆ. ಅವನು ಒಂದು ಫರ್ಸಿ ಲಾರಿಗೆ ಕ್ಲೀನರ್ ಆಗಿ ಹೋಗುತ್ತಿದ್ದಾನೆ. ಸಂಬಳದಲ್ಲಿ ಅರ್ಧ ದೊಡ್ಡಪ್ಪನ ಕೈಗೆ ಕೊಡುತ್ತಾನೆ. ಕಂಪನಿಯ ಹಣವನ್ನು ಕಂತಿನ ಮೇಲೆ ಕಟ್ಟಲು ಅವಕಾಶ ಕೇಳಿ ವಕೀಲರು ಅರ್ಜಿ ಬರೆದಿದ್ದಾರೆ. ಒಪ್ಪುತ್ತಾರೋ ಇಲ್ಲವೋ ಮುಂದಿನ ತಾರೀಖಿಗೆ ತಿಳಿಯುತ್ತದೆ. ಆ ಕಾಗದವೆಲ್ಲ ಈಗ ದೇವರ ಫೋಟೋದ ಹಿಂದೆ ಇವೆ.

ಮೊನ್ನೆ ಅಣ್ಣ ಲಾರಿ ಇಳಿದು ಮನೆಗೆ ಬಂದಾಗ ನಾನು ಇದನ್ನು ಬರೆಯುತ್ತಿದ್ದೆ. ಗೋಡೆ ಮೇಲೆ ಹಚ್ಚುತ್ತೇವೆ ಅಂತ ಹೇಳಿದೆ. ಪೂರಾ ಓದಿಸಿಕೊಂಡ. "ನನ್ನ ಹೆಸರ್ ಬರೀಬ್ಯಾಡ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಜ್ಜ ಈಗ ಕೋಲು ಹಿಡಿದು ನಡೀಲಕತ್ಯಾರ, ಅದನ್ನ ಬರಿ" ಅಂದ. ಬರೆದಿದ್ದೇನೆ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ